ಹರ್ಷಿತ ಏನಂದಳು

"ಲೇ ಮುಂಡೆ, ಯಾವನೇ ನಿನ್ನ ಆಚೀಕ್ ಬಾ ಅಂದೋನು? ಗಿರಾಕಿಗೋಳು ಉಣ್ಣೋ ಒತ್ನಲ್ಲಿ ಆ ಮೂತಿ ತೋರುಸ್ಬೇಡ ಅಂತ ಎಷ್ಟ್ ಸಲ ಬೊಗಳ್ಬೇಕು ನಾನು?"

ಹೋಟೆಲ್ ಮಾಲೀಕ ಚಲುವರಾಜು ಹರ್ಷಿತಳ ಕೈಯಿಂದ ನೀರಿನ ಜಗ್ಗು ಕಿತ್ತುಕೊಂಡ. ನಾಲ್ಕು ಲೋಟ ತುಂಬಿಸಿದ್ದಳು, ಒಂದು ಹನಿ ಚೆಲ್ಲಿರಲಿಲ್ಲ. ಮೇಜಿನ ಮುಂದೆ ಕೂತಿದ್ದ ಹೆಂಗಸು ತನ್ನ ಲೋಟವನ್ನು ಬೆರಳ ತುದಿಯಲ್ಲಿ ಆಚೆ ತಳ್ಳಿದಳು.

"ನೀರ್ ಕೇಳುದ್ರು," ಎಂದಳು ಹರ್ಷಿತ.

"ಸಪ್ಲೈಯರ್ ಕೊಡ್ತಾನೆ. ನೀ ಓಗಿ ಮುಸುರೆ ತಿಕ್ಕು."

ಹರ್ಷಿತಳಿಗೆ ಇಪ್ಪತ್ತಾರು ವರ್ಷ. ಹುಟ್ಟಿದಾಗ ಡಾಕ್ಟರು ಡೌನ್ ಸಿಂಡ್ರೋಮ್ ಎಂದಿದ್ದರು. ಊರಿನವರು ಬಾಯಿಗೆ ಬಂದ ಹೆಸರೆಲ್ಲ ಇಟ್ಟಿದ್ದರು. ಪಾಂಡವಪುರದ ತರಬೇತಿ ಕೇಂದ್ರದಲ್ಲಿ ಅನು ಮೇಡಂ ಹತ್ತು ತಿಂಗಳು ಬೆನ್ನು ಬಿಡದೆ ಕಲಿಸಿದ್ದರು: ಲೋಟದೊಳಗೆ ಬೆರಳದ್ದದೆ ಹಿಡಿಯುವುದು, ಗಿರಾಕಿ ಕೇಳಿದ್ದನ್ನು ತಿರುಗಿ ಒಪ್ಪಿಸುವುದು, ಒಬ್ಬಳೇ ಕೆ.ಆರ್.ಎಸ್. ಬಸ್ಸು ಹತ್ತುವುದು. ಸಪ್ಲೈ ಕೆಲಸಕ್ಕೆಂದೇ ಚಲುವರಾಜು ಸೇರಿಸಿಕೊಂಡಿದ್ದ. ಏಳು ತಿಂಗಳಿಂದ ಹಿತ್ತಲಿನ ಟಬ್ಬಿನ ಮುಂದಿನಿಂದ ಏಳಗೊಟ್ಟಿರಲಿಲ್ಲ. ಸೋಪುಪುಡಿಗೆ ಬೆರಳ ಸಂದಿಗಳು ಬಿರಿದು, ಉಣ್ಣುವಾಗ ಸಾರು ತಾಗಿದರೆ ಕಣ್ಣಲ್ಲಿ ನೀರು ಬರುತ್ತಿತ್ತು.

ಆ ಶುಕ್ರವಾರ ಸರ್ಕಾರಿ ಸಾಹೇಬರೊಬ್ಬರು ಫೋಟೊದವನನ್ನು ಕರೆದುಕೊಂಡು ಬಂದರು. ಅಂಗವಿಕಲರಿಗೆ ಕೆಲಸ ಕೊಟ್ಟ ದೊಡ್ಡ ಮನುಷ್ಯರಿಗೆ ಸನ್ಮಾನ ಇತ್ತು. ಅದಕ್ಕೊಂದು ಫೋಟೊ ಬೇಕಿತ್ತು. ಚಲುವರಾಜು ಹರ್ಷಿತಳ ತಾಯಿ ವರಲಕ್ಷ್ಮಮ್ಮನನ್ನೂ ಕರೆಸಿದ್ದ. ಮಗಳಿಗೆ ಹೊಸ ಯೂನಿಫಾರಂ ತೊಡಿಸಿ ಕೈಗೆ ತಟ್ಟೆ ಕೊಟ್ಟ. ತಟ್ಟೆಯ ಮೇಲೆ ಖಾಲಿ ಲೋಟಗಳು.

"ನೀರಿಲ್ಲ," ಎಂದಳು ಹರ್ಷಿತ.

"ಪೋಟೋಗೆ ನೀರ್ಯಾಕೆ? ಅಲ್ಲು ಕಿರ್ಕೊಂಡ್ ನಿಂತ್ಕೊ."

ಸಾಹೇಬರು ಅವಳ ಪಕ್ಕ ನಿಂತು ಚಲುವರಾಜುವನ್ನು ಕೇಳಿದರು: "ಕೆಲಸ ಕಲ್ತಿದಾಳಾ?"

"ನಮ್ಮನೆ ಮಗಳಿದ್ದಂಗೆ ಸಾರ್. ಸಪ್ಲೈ ಎಲ್ಲಾ ಇವಳ್ದೇಯ."

"ಸುಳ್ಳು," ಎಂದಳು ಹರ್ಷಿತ. ಸಿಟ್ಟು ಬಂದರೆ ಅವಳ ಮಾತು ಒಂದರ ಮೇಲೊಂದು ಬೀಳುತ್ತಿತ್ತು. "ನಂಗೆ ಮುಸುರೆ. ಇತ್ಲಲ್ಲಿ. ದಿನಾ."

"ಏನಂತಾಳೆ?"

"ನಮ್ ಓಟ್ಲು ಅಂದ್ರೆ ಇಷ್ಟ ಅಂತಾವ್ಳೆ ಸಾರ್. ಬ್ಯಾರೆಯೋರ್ಗೆ ಇವಳ ಮಾತು ತಿಳಿಯಾಕಿಲ್ಲ."

ಸಾಹೇಬರು ತಾಯಿಯ ಕಡೆ ತಿರುಗಿದರು. "ಹೌದೇನಮ್ಮಾ?"

ಮಗಳ ಒಂದೊಂದು ಮಾತೂ ವರಲಕ್ಷ್ಮಮ್ಮನಿಗೆ ತಿಳಿದಿತ್ತು. ಚಲುವರಾಜು ಅವಳನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದ. ಈ ಬಾಗಿಲೂ ಮುಚ್ಚಿದರೆ ಇನ್ನೊಂದು ತೆರೆಯುವವರು ಯಾರೂ ಇರಲಿಲ್ಲ.

"ಊಂ ಸಾಮಿ," ಎಂದಳು ಸೆರಗು ಬಾಯಿಗಿಟ್ಟು. "ಅಂಗೇ ಅಂದ್ಲು."

ಹರ್ಷಿತ ಅವ್ವನ ಮುಖವನ್ನು ನೋಡಿಯೇ ನೋಡಿದಳು. ಆಮೇಲೆ ತಟ್ಟೆ ಮೇಜಿನ ಮೇಲಿಟ್ಟು ಒಳಗೆ ನಡೆದಳು.

"ನಾಚ್ಕೆ ಸಾರ್," ಎಂದು ಚಲುವರಾಜು ನಕ್ಕ.

ಹಿತ್ತಲಿನಿಂದ ಏನನ್ನೋ ಎಳೆಯುವ ಸದ್ದು ಬಂತು. ಮುಸುರೆ ಟಬ್ಬನ್ನು ಎರಡೂ ಕೈಯಲ್ಲಿ ಹಿಡಿದು, ಬಗ್ಗಿ, ಹಿಂದಕ್ಕೆ ಹೆಜ್ಜೆಯಿಡುತ್ತ ಹರ್ಷಿತ ಎಳೆದು ತರುತ್ತಿದ್ದಳು. ಅನ್ನದಗುಳು ತೇಲುವ ನೀರು ಉದ್ದಕ್ಕೂ ಚೆಲ್ಲಿತು. ಉಣ್ಣುತ್ತಿದ್ದವರು ಕಾಲು ಮೇಲೆತ್ತಿಕೊಂಡರು. ಸಾಹೇಬರ ಬೂಟಿನ ಮುಂದೆ ಟಬ್ಬು ನಿಲ್ಲಿಸಿ, ಹೊಸ ಯೂನಿಫಾರಂನಲ್ಲೇ ಕುಕ್ಕರಗಾಲಲ್ಲಿ ಕೂತು, ಒಂದು ಎಂಜಲು ತಟ್ಟೆ ಎತ್ತಿಕೊಂಡು ತಿಕ್ಕತೊಡಗಿದಳು.

"ಎದ್ದೇಳೇ ಲೌಡಿ!" ಚಲುವರಾಜು ರಟ್ಟೆ ಹಿಡಿದು ಜಗ್ಗಿದ. ಅವಳು ಏಳಲಿಲ್ಲ.

ಫೋಟೊದವನು ಏನು ಮಾಡಬೇಕೆಂದು ತೋಚದೆ ಕ್ಯಾಮೆರಾವನ್ನು ಎದೆಗೊತ್ತಿಕೊಂಡು ನಿಂತಿದ್ದ. ಹರ್ಷಿತ ತಲೆಯೆತ್ತಿ ಅವನನ್ನು ನೋಡಿದಳು. ಈ ಸಲ ಯಾರೂ ತಪ್ಪು ತಿಳಿಯದ ಹಾಗೆ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು:

"ಈಗ ತೆಗಿ."