ಬೂದಿ ಕಲಸಿದ ಮಣ್ಣು

ಕರೆಂಟಿನ ಭಟ್ಟಿಯೊಳಗಿಂದ ನೀಲಕಂಠ ಇಕ್ಕಳ ಹಾಕಿ ಎಳೆದ ತಂತಿ ಇಡಿಯಾಗಿ ಬರಲಿಲ್ಲ, ಮೂರು ತುಂಡಾಗಿ ಬಂತು. ತುಂಡುಗಳ ತುದಿಗೆ ಹಸಿರು ಗಾಜಿನಂಥದೇನೋ ಅಂಟಿತ್ತು. ಜಮಖಂಡಿಯಲ್ಲಿ ಕರೆಂಟಿನ ಕೆಲಸ ಬಲ್ಲವನು ಅವನೊಬ್ಬನೇ. ಉಗುರಿನಿಂದ ಕೆರೆದು ನೋಡಿ, ಕುಂಬಾರ ಚನಮಲ್ಲಪ್ಪನ ಕಡೆ ತಿರುಗಿದ.

“ಇಟ್ಟಂಗಿ ಸಂದಿನ್ಯಾಗ ಏನ ಮೆತ್ತೀರಿ?”

“ಮಣ್ಣರಿ. ಇಟ್ಟಂಗಿ ಸೀಳಿ ತಂತಿ ಜಾರಾಕತ್ತಿತ್ತು. ಬೂದಿ ಕಲಸಿ ಮೆತ್ತೇನಿ. ಬೂದಿ ಕೂಡಿದ ಮಣ್ಣು ಬೆಂಕಿಗೆ ಬಿರಿಯೂದಿಲ್ಲ, ನಮ್ಮ ಮುತ್ಯಾನ ಕಾಲದಿಂದ ಹಂಗ.”

“ಅದು ನಿಮ್ಮ ಗಡಿಗಿ ಸುಡೂ ಆವಿಗಿ ಬೆಂಕಿಗೆ. ಇದರ ಕಾವ ಬ್ಯಾರೆ. ಬೂದಿ ಮಣ್ಣ ಕರಗಿ ನೀರಾತು, ತಂತೀನೂ ತಿಂದ ಹಾಕ್ತು.”

“ಮತ್ತೊಂದ ತಂತಿ ಹಾಕ್ರಲಾ.”

“ಎಲ್ಲಿಂದ ತರ್ಲಿ? ಯುದ್ಧ ನಡದೈತಿ. ಇದನ್ನ ಹುಡುಕೂದ್ರಾಗ ನಾಕ ತಿಂಗಳಾತು. ಇದ ಕಡೀದು ಅಂತ ಹೇಳಿದ್ನಿಲ್ರಿ?”

ಹೇಳಿದ್ದು ಖರೆ. ಆದರೆ ಹುಟ್ಟು ಕುಂಬಾರನಿಗೆ ಮಣ್ಣು ಮೆತ್ತುವುದನ್ನು ಯಾರು ಕಲಿಸಬೇಕು? ಹಾಗೆ ತಿಳಿದೇ ಕೆಟ್ಟಿದ್ದ.

ಮಿರಜದ ಕಡೆ ಮುಚ್ಚಿಹೋದ ಕಪ್ಪುಬಸಿ ಕಾರಖಾನೆಯಿಂದ ಆ ಹಳೆಯ ಭಟ್ಟಿ ತಂದದ್ದು ರಬಕವಿಯ ಮಗ್ಗಗಳಿಗೆ ನೂಲು ಹಾಯುವ ಪಿಂಗಾಣಿ ಬಳೆ ಸುಡಲಿಕ್ಕೆ ಎಂದು ಊರು ತಿಳಿದಿತ್ತು. ಅದೆಲ್ಲ ನೆಪ. ಚನಮಲ್ಲಪ್ಪನ ಕಣ್ಣಿಗೆ ಪೊರೆ ಬಂದ ಮೇಲೆ ಹೊಗೆಯ ಬಣ್ಣ ನೋಡಿ ಆವಿಗೆ ಕಾಯುವವಳು ಹೆಂಡತಿ ಶೇವಂತಿಯೇ. ಇನ್ನೊಂದು ವರ್ಷ ಹೊಗೆ ಕುಡಿದರೆ ಅವಳು ಉಳಿಯುವುದಿಲ್ಲ ಎಂದು ಡಾಕ್ಟರು ಇವನನ್ನು ಹೊರಗೆ ಕರೆದು ಹೇಳಿದ್ದರು. ಕರೆಂಟಿನ ಭಟ್ಟಿಗೆ ಹೊಗೆಯೂ ಇಲ್ಲ, ಕಣ್ಣೂ ಬೇಡ, ಗಡಿಯಾರ ಇದ್ದರೆ ಸಾಕು. ಅಯ್ಯೋ, ಕೈಗೆ ಬಂದ ತುತ್ತನ್ನು ತನ್ನ ಕೈಯಾರೆ ಮಣ್ಣುಪಾಲು ಮಾಡಿಕೊಂಡನಲ್ಲ!

ನೀಲಕಂಠ ಹೋದ ಮೇಲೆ ಶೇವಂತಿ ಒಣಗಿದ ಗಡಿಗೆಗಳನ್ನು ಹಿತ್ತಲಿಗೆ ಒಯ್ದು ಒಂದರ ಮೇಲೊಂದು ಜೋಡಿಸಿದಳು, ಸುತ್ತ ಸಗಣಿಯ ಕುಳ್ಳು ಒಟ್ಟಿ ಮೇಲೆ ಹುಲ್ಲು ಹೊದಿಸಿದಳು.

“ಬ್ಯಾಡ ಶೇವಂತಿ. ಆವಿಗಿ ಹಾಕಬ್ಯಾಡ.”

“ಹಾಕದಿದ್ರ ಉಣ್ಣೂದೇನು? ಸರೀರಿ ಆ ಕಡೆ.”

“ನೀ ಸಾಯ್ತಿ ಅಂದಾರ ಡಾಕ್ಟರು!” ಎಂದು ಅವನು ಚೀರಿದ. ಆರು ತಿಂಗಳಿಂದ ಎದೆಯಲ್ಲೇ ಇಟ್ಟುಕೊಂಡಿದ್ದ ಮಾತು ಹಾಗೆ ಹೊರಬಿತ್ತು.

ಅವಳು ಹುಲ್ಲು ಸರಿಪಡಿಸುವುದನ್ನು ನಿಲ್ಲಿಸಲಿಲ್ಲ. “ಗೊತ್ತೈತಿ. ನನಗೂ ಹೇಳ್ಯಾರ. ನಿಮಗ ಹೇಳಬ್ಯಾಡ್ರಿ ಅಂತ ನಾನ ಅಂದಿದ್ದೆ.”

ಮೊದಲ ಬೆಂಕಿ ಮನೆಯ ಯಜಮಾನನೇ ಕೊಡಬೇಕು, ಅದು ಅವರಲ್ಲಿ ರೂಢಿ. ಅವಳು ಕಡ್ಡಿಪೆಟ್ಟಿಗೆ ತಂದು ಅವನ ಕೈಗಿಟ್ಟಳು. ಒಂದು ಕಡ್ಡಿ ಮುರಿಯಿತು. ಇನ್ನೆರಡು ಹತ್ತಿ ಆರಿದವು. ಕೊನೆಗೆ ಶೇವಂತಿ ಅವನ ಮುಂಗೈಯನ್ನು ತನ್ನ ಕೈಯಲ್ಲಿ ಹಿಡಿದು ಗೀರಿಸಿ, ಹಾಗೇ ಹುಲ್ಲಿನ ಬುಡಕ್ಕೆ ಒಯ್ದಳು. ಹುಲ್ಲು ಹೊತ್ತಿತು.

ಅವಳು ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಹೊಗೆ ಬರುವ ಕಡೆಗೇ ಹೋಗಿ ಕೂತಳು.