ಜೋಡಿ ಗಾಲಿ ಬಿಚ್ಚುವ ಮುನ್ನ

ಹಂಸಭಾವಿಯ ಬಸವಣ್ಣೆಪ್ಪನ ಲಾರಿಗೆ ಒಂದು ಹೆಸರಿದೆ. ಮುಂದಿನ ಗಾಜಿನ ಮೇಲೆ ಕೆಂಪು ಅಕ್ಷರದಲ್ಲಿ ದೊಡ್ಡದಾಗಿ ಬರೆಸಿದ್ದಾನೆ: ‘ಹಂಸಭಾವಿ ಹುಲಿ’. ನಮ್ಮ ಕಡೆ ಹೋರಿ ಬೆದರಿಸುವ ಸ್ಪರ್ಧೆಯಲ್ಲಿ ಓಡುವ ಹೋರಿಗೆ ಇಂಥ ಹೆಸರಿಡುವುದು ವಾಡಿಕೆ. ಬಸವಣ್ಣೆಪ್ಪ ಲಾರಿಗೇ ಇಟ್ಟುಬಿಟ್ಟ. ಸುಗ್ಗಿಯಲ್ಲಿ ಅದು ಗೋವಿನಜೋಳದ ಚೀಲ ಹೊರುತ್ತದೆ. ದೀಪಾವಳಿ ಕಳೆದ ಮೇಲೆ ಊರೂರಿನ ಸ್ಪರ್ಧೆಗೆ ಹೋರಿ ಹೊರುತ್ತದೆ. ಹೊತ್ತದ್ದನ್ನು ನಡುದಾರಿಯಲ್ಲಿ ಬಿಟ್ಟು ಬಂದ ಲಾರಿಯಲ್ಲ ಅದು. ಈ ಮಾತನ್ನು ಬಸವಣ್ಣೆಪ್ಪನೇ ಹೇಳಬೇಕೆಂದಿಲ್ಲ, ಊರೇ ಹೇಳುತ್ತದೆ. ಆದರೂ ಅವನು ದಿನಕ್ಕೊಮ್ಮೆ ಹೇಳುತ್ತಾನೆ.

ಅಂಥವನಿಗೆ ಇದ್ದದ್ದು ಒಂದೇ ಪೀಡೆ. ಹಿಂದಿನ ಜೋಡಿ ಗಾಲಿಗಳ ನಡುವೆ ಕಲ್ಲು ಸಿಕ್ಕುವುದು. ಹೊಲದ ದಾರಿಗೆ ಇಳಿದರೆ ಸಾಕು, ಮುಷ್ಟಿಯಷ್ಟು ಕಲ್ಲೊಂದು ಎರಡು ಟೈರಿನ ಸಂದಿಯಲ್ಲಿ ಕಚ್ಚಿಕೊಂಡು ಕೂತುಬಿಡುತ್ತದೆ. ಹಾರೆ ಹಾಕಿ ಎಬ್ಬಿಸುವಷ್ಟರಲ್ಲಿ ಮೈಯೆಲ್ಲ ಬೆವರು, ಬಾಯಿ ತುಂಬ ಬೈಗುಳ.

ಒಂದು ಸಂಜೆ ಹೀಗೆ ಬೈಯುತ್ತಲೇ ಎದ್ದು ನಿಂತು, ಹೆಂಡತಿ ವೀರವ್ವನ ಮುಂದೆ ಸಾರಿದ.

“ಸಾಕಾಗೇತಿ ನೋಡು. ಹಿಂದಿನ ನಾಕೂ ಗಾಲಿ ಬಿಚ್ಚಿ ಒಗೀತೇನಿ. ಆ ಕಡೆ ಒಂದು, ಈ ಕಡೆ ಒಂದು, ಅಗಲನ್ನ ಗಾಲಿ ಎರಡೇ ಎರಡು. ಹುಬ್ಬಳ್ಳ್ಯಾಗ ಒಬ್ಬಾವ ಹಳೇ ಕಂಟೇನರ್ ಗಾಡೀಲಿಂದ ತಗದ ಇಟ್ಟಾನ. ಶುಕ್ರವಾರ ಬಂದು ಕೂಡಿಸಿ ಹೋಗ್ತಾನ.”

“ಹಂಗ ಬದಲಿ ಮಾಡಾಕ ಬರ್ತೈತೇನ್ರಿ?” ಎಂದಳು ವೀರವ್ವ.

“ಬರದ ಏನು? ಚಪ್ಪಲಿ ಬದಲಿ ಮಾಡಿದಂಗ! ನಮ್ಮೂರ ಗುತ್ತೆಪ್ಪನ ಹೋರಿ ಹೊತ್ಕೊಂಡು ಹಾನಗಲ್ಲಿನ ಸ್ಪರ್ಧೆಗೆ ಹೋಗಿ ನಿಂತ್ರ, ಮಂದಿ ಹೋರಿ ಬಿಟ್ಟು ನನ್ನ ಗಾಡಿ ನೋಡಬೇಕು.”

ಒಳಗಿನ ಮಾತು ಹೊರಗೆ ಬಿತ್ತು. ಕಲ್ಲಿನ ಕಾಟ ಅರ್ಧ, ಮೆರೆಯುವ ಆಸೆ ಅರ್ಧ. ವೀರವ್ವ ವಾದಕ್ಕೆ ನಿಲ್ಲಲಿಲ್ಲ. ಒಳಗೆ ಹೋಗಿ ಶಿಗ್ಗಾವಿಯ ಫರ್ಹತಳಿಗೆ ಫೋನು ಮಾಡಿದಳು.

ಫರ್ಹತ ಶಿಗ್ಗಾವಿಯ ಡ್ರೈವಿಂಗ್ ಶಾಲೆಯಲ್ಲಿ ದೊಡ್ಡ ಗಾಡಿ ಕಲಿಸುತ್ತಾಳೆ. ಗಾಡಿಯ ವಿದ್ಯೆಯಲ್ಲಿ ಡಿಪ್ಲೊಮಾ ಓದಿದವಳು. ಆದರೆ ಅವಳ ಕೈಗೆ ಮೊದಲು ಲಾರಿಯ ಸ್ಟೇರಿಂಗ್ ಕೊಟ್ಟವನು ಬಸವಣ್ಣೆಪ್ಪ. ಹೆಣ್ಣುಮಗಳಿಗೆ ಲಾರಿ ಯಾಕೆ ಎಂದು ಮೂಗು ಮುರಿದವರ ಎದುರಿಗೇ ಕಲಿಸಿದ್ದ. ಅವಳ ಮಾತು ಬಂದರೆ ಅವನ ಎದೆ ಈಗಲೂ ಒಂದು ಗೇಣು ಉಬ್ಬುತ್ತದೆ.

ಮರುದಿನ ಬೆಳಗ್ಗೆ ಅವಳು ಬಂದಳು. ಕೈಯಲ್ಲಿ ಟೈರಿನ ಗಾಳಿ ಅಳೆಯುವ ಗೇಜ್ ಇತ್ತು.

“ಕಾಕಾ, ಅಗಲ ಗಾಲಿ ಹಾಕಸಾಕತ್ತೀರಂತ?”

“ಯಾಕ, ಕೆಟ್ಟದ್ದೇನ ಅದು?”

“ಕೆಟ್ಟದ್ದಲ್ಲರಿ. ಅದಕ್ಕಂತನ ತಯಾರ ಮಾಡಿದ ಗಾಡಿಗೆ ಭಾಳ ಚಲೋ. ನಡುವ ಕಲ್ಲು ಸಿಗಂಗಿಲ್ಲ. ಗಾಲಿ ತೂಕಾನೂ ಕಮ್ಮಿ. ಆದ್ರ ನಿಮ್ಮ ಗಾಡಿ ಜೋಡಿ ಗಾಲಿಗಂತ ಮಾಡಿದ್ದು. ಹೋದ ವರ್ಷ ಯಲವಿಗಿ ಹತ್ರ ಒಳಗಿನ ಗಾಲಿ ಪಂಕ್ಚರ್ ಆಗಿತ್ತಲ್ಲ, ಹೆಂಗ ಊರು ಮುಟ್ಟಿದ್ರಿ?”

ಬಸವಣ್ಣೆಪ್ಪ ಮೀಸೆ ತಿರುವಿದ. “ಹೆಂಗ ಅಂದ್ರ? ಹೊರಗಿನ ಗಾಲಿ ಹೊತ್ತು ತಂತು. ನಾ ನಿಂದ್ರಲೇ ಇಲ್ಲ.”

“ಅದೂ ತಪ್ಪರಿ. ಇಬ್ಬರ ಹೊರೆ ಒಬ್ಬನ ಮ್ಯಾಲೆ ಬಿದ್ರ ಅವನೂ ಕಾದು ಸಿಡೀತಾನ. ಏನೋ ಪುಣ್ಯಾ, ಪಾರಾದ್ರಿ. ಇನ್ನ ಒಂದ ಗಾಲಿ ಇದ್ದು ಅದರ ಗಾಳಿ ಹೋದ್ರ? ಹೊರಾಕ ಜೋಡಿ ಎಲ್ಲೈತಿ? ಗಾಡಿ ಆ ಮಗ್ಗಲಕ್ಕ ಕುಸೀತೈತಿ. ಮ್ಯಾಲೆ ಹೋರಿ, ಮಂದಿ.”

ಬಸವಣ್ಣೆಪ್ಪನಿಗೆ ಆ ಮಾತು ನಾಟಿತು. ಆದರೆ ಅಷ್ಟು ಬೇಗ ಒಪ್ಪಿದರೆ ಅವನು ಬಸವಣ್ಣೆಪ್ಪನೇ ಅಲ್ಲ.

“ಗಾಳಿ ಹ್ಯಾಂಗ ಹೋಗ್ತೈತಿ? ದಿನಾ ಮುಂಜಾನೆ ರಾಡಿನಿಂದ ಬಡಿದು ಸಪ್ಪಳ ಕೇಳ್ತೇನಿ. ನನಗ ಗೇಜ್ ಬ್ಯಾಡ, ನನ್ನ ಕಿವಿನ ಗೇಜ್. ಗುರುವಿಗೇ ತಿರುಮಂತ್ರ ಹಾಕ್ತೀಯೇನು?”

“ಹಂಗಾರ ಬಡೀರಿ. ನೀವು ಹೇಳ್ರಿ, ನಾ ಅಳೀತೇನಿ.”

ಬಸವಣ್ಣೆಪ್ಪ ರಾಡ್ ತಂದು ಠಣ್ ಠಣ್ ಎಂದು ಎಲ್ಲ ಗಾಲಿಗಳನ್ನೂ ಬಡಿದ. ಎಲ್ಲವೂ ಗಟ್ಟಿ ಎಂದು ತೀರ್ಪು ಕೊಟ್ಟ. ಫರ್ಹತ ಸಲ್ವಾರಿಗೆ ಮಣ್ಣು ಹತ್ತಿದರೂ ಲೆಕ್ಕಿಸದೆ ಕೆಳಗೆ ಬಗ್ಗಿ, ಕೈ ಸುಲಭಕ್ಕೆ ಎಟುಕದ ಒಳಗಿನ ಗಾಲಿಗೂ ಗೇಜ್ ಹಚ್ಚಿದಳು. ಬಲಗಡೆಯ ಒಳಗಾಲಿಯಲ್ಲಿ ಗಾಳಿ ತೀರಾ ಕಡಿಮೆ ಇತ್ತು.

“ನಿನ್ನ ಗೇಜ್ ಸರಿ ಇಲ್ಲ,” ಎಂದ ಬಸವಣ್ಣೆಪ್ಪ.

ವೀರವ್ವ ಬಾಗಿಲಲ್ಲೇ ನಿಂತು ಅಂದಳು: “ಕುಣೀಲಾರದಾಕಿ ನೆಲಾ ಡೊಂಕು ಅಂದಳಂತ. ಇನ್ನೊಮ್ಮೆ ನೀವ ಹಚ್ಚಿ ನೋಡ್ರಲಾ.”

ಅವನೇ ಹಚ್ಚಿ ನೋಡಿದ. ಮುಳ್ಳು ಅಲ್ಲೇ ನಿಂತಿತು. ಬಸವಣ್ಣೆಪ್ಪ ರಾಡನ್ನು ಗೋಡೆಗೆ ಒರಗಿಸಿ ಕಟ್ಟೆಯ ಮೇಲೆ ಕೂತ. ಅವನಿಗೆ ಬೇಜಾರಾಯಿತು, ನಿಜ. ಆದರೆ ಕಣ್ಣಿಗೆ ಕಂಡದ್ದನ್ನು ಇಲ್ಲ ಅನ್ನುವ ಜಾತಿಯವನಲ್ಲ ಅವನು.

“ಆತವಾ. ಈಗೇನ ಮಾಡೂಣು?”

“ಕೇಳೂಣ್ರಿ. ಆರ್‌ಸಿಯೊಳಗ ಬರೆದಿದ್ದು ಬಿಟ್ಟು ಗಾಡಿ ಬದಲಿ ಮಾಡೂದಿದ್ರ ಮೊದಲ ಆರ್‌ಟಿಓ ಒಪ್ಪಿಗಿ ಬೇಕು. ಗಾಡಿ ಮಾಡಿದ ಕಂಪನಿಯವರೂ ಹೂಂ ಅನ್ನಬೇಕು. ಇಲ್ಲಾಂದ್ರ ನಾಳೆ ಏನರ ಆದ್ರ ಇನ್ಶೂರೆನ್ಸಿನವರೂ ಕೈ ಎತ್ತಬಹುದು.”

ಇಬ್ಬರೂ ಹಾವೇರಿಗೆ ಹೋಗಿ ಆರ್‌ಟಿಓ ಕಚೇರಿಯಲ್ಲಿ ಕೇಳಿದರು, ಕಂಪನಿಯ ಸರ್ವಿಸ್ ಸೆಂಟರಿನಲ್ಲೂ ಕೇಳಿದರು. ಎರಡೂ ಕಡೆ ಬಿಡಿಸಿ ಹೇಳಿದರು. ಹಿಂದೆ ನಾಲ್ಕು ಟೈರು ಇದ್ದಾಗ ಹೊರಬಹುದಾದ ತೂಕವನ್ನು ಎರಡೇ ಟೈರಿನ ಮೇಲೆ ಕಾನೂನು ಒಪ್ಪುವುದಿಲ್ಲ, ಅದಕ್ಕಿಂತ ಕಡಿಮೆ ಹೊರಬೇಕು. ಅಗಲ ಟೈರಿಗೆ ಬೇರೆ ರಿಮ್ ಬೇಕು. ಹೊರೆ ಗಾಲಿಯ ಬೇರಿಂಗಿನ ಮೇಲೆ ಬೀಳುವ ರೀತಿಯೇ ಬದಲಾಗುತ್ತದೆ. ಈ ಮಾದರಿಯ ಲಾರಿಗೆ ಅಂಥ ಬದಲಾವಣೆಯನ್ನು ಕಂಪನಿ ಒಪ್ಪಿಲ್ಲ. ಗೋವಿನಜೋಳ ಹೊರುವ ಗಾಡಿ, ಜೋಡಿ ಗಾಲಿಯೇ ಇರಲಿ ಅಂದರು.

ಬಸವಣ್ಣೆಪ್ಪ ಹೊರಗೆ ಬಂದವನೇ ಹುಬ್ಬಳ್ಳಿಯವನಿಗೆ ಫೋನು ಹಚ್ಚಿದ. “ಶುಕ್ರವಾರ ಬರಬ್ಯಾಡೋ ತಮ್ಮಾ. ಹುಲಿ ತನ್ನ ಕಾಲಿನ ಮ್ಯಾಲೆ ತಾನ ನಿಂತೈತಿ.”

ಭಾನುವಾರ ಗುತ್ತೆಪ್ಪನ ಹೋರಿ ಹೇರಿಕೊಂಡು ಹಾನಗಲ್ಲಿನ ದಾರಿ ಹಿಡಿದರು. ಬಲಗಡೆಯ ಒಳಗಾಲಿಯನ್ನು ಮೊದಲೇ ಸರಿಮಾಡಿಸಿದ್ದ. ಹೊರಡುವ ಮುನ್ನ, ಟೈರು ತಣ್ಣಗಿದ್ದಾಗಲೇ, ಎಲ್ಲ ಗಾಲಿಗಳ ಗಾಳಿ ಅಳೆದಾಗಿತ್ತು. ಚಹಾಕ್ಕೆ ನಿಂತ ಕಡೆ ಬಸವಣ್ಣೆಪ್ಪ ಸಂದಿಯ ಕಲ್ಲು ನೋಡಲು ಬಗ್ಗಿದ. ಕಲ್ಲು ಇರಲಿಲ್ಲ. ಆದರೆ ಎಡಗಡೆಯ ಒಳಗಾಲಿಯಲ್ಲಿ ಮೊಳೆಯೊಂದರ ತಲೆ ಹೊಳೆಯುತ್ತಿತ್ತು. ಗೇಜ್ ಹಚ್ಚಿದ. ಗಾಳಿ ಇಳಿಯುತ್ತಿತ್ತು.

ಗುತ್ತೆಪ್ಪ ಚಡಪಡಿಸಿದ. “ನಡೀರಿ ಅಣ್ಣಾ, ಹೊರಗಿನ ಗಾಲಿ ಗಟ್ಟಿ ಐತಲ್ಲ. ನಮ್ಮ ಹೋರಿ ಪಾಳಿ ತಪ್ಪತೈತಿ.”

ವಾರದ ಹಿಂದೆ ಆಗಿದ್ದರೆ ಬಸವಣ್ಣೆಪ್ಪ ಹೊರಟೇಬಿಡುತ್ತಿದ್ದ. ಅವನ ಲಾರಿ ಯಾವತ್ತೂ ತಡವಾಗಿ ಮುಟ್ಟಿದ್ದಿಲ್ಲ. ಈವತ್ತು ತಡವಾದರೆ ಹಾನಗಲ್ಲಿನಲ್ಲಿ ನಾಲ್ಕು ಮಂದಿ ನಗುತ್ತಾರೆ ಎಂಬುದೂ ಅವನಿಗೆ ಗೊತ್ತಿತ್ತು.

“ತಪ್ಪಲಿ. ಹೋರಿ ಇಳಸು,” ಎಂದ.

ಹೋರಿಯನ್ನು ಇಳಿಸಿ ಬೇವಿನ ಮರಕ್ಕೆ ಕಟ್ಟಿದರು. ಜ್ಯಾಕ್ ಹಚ್ಚಿ ಗಾಲಿ ಬದಲಿಸಿದರು. ಬಿಚ್ಚಿದ ಟೈರಿನಲ್ಲಿ ಮೊಳೆ ಬುಡದವರೆಗೆ ಇಳಿದಿದ್ದನ್ನು ಗುತ್ತೆಪ್ಪ ಬೆರಳಿಟ್ಟು ನೋಡಿದ. ಒಮ್ಮೆ ಹೋರಿಯ ಕಡೆ, ಒಮ್ಮೆ ಟೈರಿನ ಕಡೆ ನೋಡಿ, ತಾನೇ ಜ್ಯಾಕ್ ಎತ್ತಿ ಲಾರಿಯಲ್ಲಿಟ್ಟ.

ಹಾನಗಲ್ಲು ಮುಟ್ಟಿದಾಗ ಅವರ ಪಾಳಿ ದಾಟಿತ್ತು. ಗುತ್ತೆಪ್ಪ ಕೈಮುಗಿದು ಕೇಳಿಕೊಂಡ ಮೇಲೆ ಪಂಚರು ಕಡೆಯ ಪಾಳಿ ಕೊಟ್ಟರು. ಕೊರಳಿನ ಕೊಬ್ಬರಿ ಹಾರ ಕೀಳಲು ಮುಗಿಬಿದ್ದವರಲ್ಲಿ ಯಾರ ಕೈಗೂ ಸಿಗದೆ ಹೋರಿ ಗಾಳಿಯಂತೆ ಓಡಿತು. ಆಮೇಲೆ ಪರಿಚಯದ ಲಾರಿಯವನೊಬ್ಬ ನಗುತ್ತ ಬಂದ.

“ಏನೋ ಬಸವಣ್ಣೆಪ್ಪಾ, ಅಗಲ ಗಾಲಿ ಹಾಕಿಸ್ಕೊಂಡು ಮೆರೀತೇನಿ ಅಂದಿದ್ದಿ. ಇವತ್ತ ನೋಡಿದ್ರ ಎಲ್ಲಾರಕಿಂತ ತಡಾ ಬಂದೀಯಲ್ಲ!”

ಬಸವಣ್ಣೆಪ್ಪ ತಲೆ ತಗ್ಗಿಸಲಿಲ್ಲ. ಸುತ್ತ ನಿಂತವರಿಗೆಲ್ಲ ಕೇಳುವ ಹಾಗೆ ಹೇಳಿದ.

“ಹಾಕಸಲಿಲ್ಲ. ತಿಳಿದವರನ್ನ ಕೇಳಿದೆ, ಈ ಗಾಡಿಗೆ ಬ್ಯಾಡ ಅಂದ್ರು, ಬಿಟ್ಟೆ. ದಾರ್ಯಾಗ ಗಾಳಿ ಇಳೀತು, ನಿಂತೆ. ತಡಾ ಬಂದೇನಿ, ಖರೆ. ಆದ್ರ ಓಡಿದ ಹೋರಿ ಮೈಮ್ಯಾಲೆ ಒಂದು ಗೀರು ತೋರಸು ನೋಡೂಣು.”

ಯಾರೂ ತೋರಿಸಲಿಲ್ಲ. ಗುತ್ತೆಪ್ಪ ಹೋರಿಯ ಕೊರಳಿನ ಆ ಹಾರ ಬಿಚ್ಚಿ ತಂದು ಲಾರಿಯ ಮುಂದೆ ಕಟ್ಟಿದ. ಬಸವಣ್ಣೆಪ್ಪ ಅದರ ಗಂಟನ್ನು ಇನ್ನೊಮ್ಮೆ ಬಿಗಿದು, ಬಗ್ಗಿ ಜೋಡಿ ಗಾಲಿಗಳಿಗೆ ಗೇಜ್ ಹಚ್ಚಿದ.

ಲಾರಿ ಇರುವ ಅಣ್ಣಂದಿರೇ, ಲಾರಿಯವರ ಮನೆಯ ಅಕ್ಕಂದಿರೇ, ನಿಮ್ಮ ಗಾಡಿಯ ಮೇಲೆ ನಿಮಗೆ ಅಭಿಮಾನ ಇರಲಿ. ಇರಲೇಬೇಕು. ಆದರೆ ಜೋಡಿ ಗಾಲಿ ಬಿಚ್ಚಿ ಅಗಲ ಗಾಲಿ ಹಾಕಿಸುವ ಮನಸ್ಸಾದರೆ ಮೊದಲು ಆರ್‌ಟಿಓ ಕಚೇರಿಯಲ್ಲಿ ಕೇಳಿ, ಗಾಡಿಯ ಕಂಪನಿಯವರನ್ನು ಕೇಳಿ. ಅವರು ಒಪ್ಪಿದರೆ ಸರಿಯಾದ ರಿಮ್, ಸರಿಯಾದ ಟೈರು, ಅದಕ್ಕೆ ಹೊಂದುವ ಸ್ಟೆಪ್ನಿ ಹಾಕಿಸಿ, ಹೊಸ ಮಿತಿಯಷ್ಟೇ ತೂಕ ಹೇರಿ. ಒಪ್ಪದಿದ್ದರೆ ಬಿಟ್ಟುಬಿಡಿ. ಗಾಲಿ ಜೋಡಿಯಿರಲಿ, ಒಂಟಿಯಿರಲಿ, ಬೆಳಗ್ಗೆ ಗೇಜ್ ಹಚ್ಚಿ ಗಾಳಿ ನೋಡಿ. ನಿಂತ ಕಡೆ ಸಂದಿಯ ಕಲ್ಲು ತೆಗೆಯಿರಿ. ಒಂದರ ಗಾಳಿ ಹೋದರೆ ಇನ್ನೊಂದರ ಮೇಲೆ ಭಾರ ಹಾಕಿ ಓಡಿಸಬೇಡಿ, ನಿಲ್ಲಿಸಿ. ತಡವಾಗಿ ಮುಟ್ಟಿದವನನ್ನು ನೋಡಿ ಊರು ಒಂದು ದಿನ ನಗಬಹುದು. ನಗಲಿ ಬಿಡಿ, ಅವನು ಮನೆ ಮುಟ್ಟಿದ್ದಾನೆ.