ಕೈ ಏನು ಮಾಡಿತು

ರೂಪಶ್ರೀ ನಾಲ್ಕನೇ ಸಲ ತನ್ನ ಬ್ಯಾಗನ್ನು ಜಗಲಿಯ ಮೇಲೆ ಸುರಿದಳು. ಆಸ್ಪತ್ರೆಯ ಚೀಟಿಗಳು, ಮಾತ್ರೆ, ಬಾಚಣಿಗೆ, ಚಾರ್ಜರ್, ಸತ್ಯಮಂಗಲದ ಫ್ಯಾಕ್ಟರಿಯ ಗುರುತಿನ ಚೀಟಿ ಎಲ್ಲ ಬಿದ್ದವು. ಅಮ್ಮನ ಕರಡಿಗೆ ಮಾತ್ರ ಬೀಳಲಿಲ್ಲ.

ಬೆಳ್ಳಿಯ ಆ ಪುಟ್ಟ ಕರಡಿಗೆಯಲ್ಲಿ ಅಮ್ಮನ ಇಷ್ಟಲಿಂಗವಿತ್ತು. ಐವತ್ತು ವರ್ಷ ಕೊರಳಿನಿಂದ ಇಳಿಯದ್ದು. ಸ್ಕ್ಯಾನಿಂಗಿಗೆ ಕರೆದೊಯ್ಯುವಾಗ ಮೈಮೇಲೆ ಬೆಳ್ಳಿ ಬಂಗಾರ ಇರಬಾರದೆಂದು ನರ್ಸ್ ಹೇಳಿದ್ದಕ್ಕೆ ರೂಪಶ್ರೀಯೇ ಅದನ್ನು ಬಿಚ್ಚಿ ಇಟ್ಟುಕೊಂಡಿದ್ದಳು. ಅದಾದ ಎರಡನೇ ದಿನ, ಅಂದರೆ ನಿನ್ನೆ ಸಂಜೆ, ಸರ್ವಮಂಗಳಮ್ಮ ತುಮಕೂರಿನ ಆ ಆಸ್ಪತ್ರೆಯಲ್ಲೇ ತೀರಿಕೊಂಡರು. ಈಗ ಸಿ.ಎಸ್. ಪುರದ ಹತ್ತಿರದ ಈ ಊರಲ್ಲಿ, ಗಂಡನ ಮನೆಯ ನಡುಮನೆಯಲ್ಲಿ, ಮಿಂದು ವಿಭೂತಿ ಧರಿಸಿ ಗೋಡೆಗೆ ಒರಗಿ ಕುಳಿತಿದ್ದರು. ಹೊಲದಲ್ಲಿ ಗಂಡನ ಸಮಾಧಿಯ ಪಕ್ಕ ಗುಣಿ ತೋಡಿ ಆಗಿತ್ತು. ಎಡ ಅಂಗೈಯಲ್ಲಿ ಲಿಂಗ ಇಟ್ಟಲ್ಲದೆ ಮಣ್ಣಿಗೆ ಕೂರಿಸುವಂತಿರಲಿಲ್ಲ.

“ಹೊತ್ತು ಇಳೀತಾ ಐತೆ ಕಣವ್ವ,” ಎಂದರು ದೊಡ್ಡಪ್ಪ ಚನ್ನಬಸವಯ್ಯ. “ಗುಬ್ಬಿಯಿಂದ ಹೊಸ ಲಿಂಗ ತರ್ಸಾನ ಬುಡು. ಅಯ್ನೋರು ಪೂಜೆ ಮಾಡಿ ಕೊಡ್ತಾರೆ.”

ಅದರಲ್ಲಿ ತಪ್ಪೇನೂ ಇರಲಿಲ್ಲ. ಅಯ್ಯನವರೂ ಆಗಬಹುದು ಎಂದಿದ್ದರು. ರೂಪಶ್ರೀಯ ಮನಸ್ಸು ಮಾತ್ರ ಒಪ್ಪಲಿಲ್ಲ. ನಿನ್ನೆ ಬೆಳಿಗ್ಗೆ ಅಮ್ಮ ಬರಿದಾದ ಎದೆ ತಡವಿಕೊಂಡು ಲಿಂಗವೆಲ್ಲಿ ಎಂದು ಕೇಳಿದ್ದರು. ಇವಳು ಫೋನಿನಿಂದ ಕಣ್ಣೆತ್ತದೆ, ಜೋಪಾನವಾಗಿದೆ ಬಿಡಮ್ಮ ಎಂದಿದ್ದಳು. ಅಮ್ಮ ತನ್ನ ಕೈಗೆ ನಂಬಿ ಒಪ್ಪಿಸಿದ್ದು ಅದೊಂದೇ. ಅದನ್ನೂ ಕಳೆದೆನಲ್ಲ ಎಂದು ಖಾಲಿ ಬ್ಯಾಗಿನೊಳಗೆ ಮತ್ತೆ ಕೈಯಾಡಿಸಿದಳು. ನಡುಮನೆಯ ಹೆಂಗಸರು ಊರ ಮಕ್ಕಳಿಗೆಲ್ಲ ಅಚ್ಚುಕಟ್ಟು ಕಲಿಸಿದವಳ ಮಗಳು ನೋಡಿ ಎಂದು ಪಿಸುಗುಟ್ಟಿದ್ದೂ ಕೇಳಿಸಿತು.

* * *

ಸರ್ವಮಂಗಳಮ್ಮ ಕ್ಯಾತ್ಸಂದ್ರದ ಒಂದು ಖಾಸಗಿ ಹಾಸ್ಟೆಲಿನಲ್ಲಿ ಇಪ್ಪತ್ತೆಂಟು ವರ್ಷ ಆಯಾ ಆಗಿದ್ದರು. ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಿಂದ ಐದನೇ ಕ್ಲಾಸಿನ ಮಕ್ಕಳು ತಗಡಿನ ಟ್ರಂಕು ಹೊತ್ತು ಬರುತ್ತಿದ್ದವು. ತಮ್ಮ ಇನ್ನೊಂದು ಚಪ್ಪಲಿ ಎಲ್ಲಿದೆ ಎಂಬುದೂ ತಿಳಿಯದ ಮಹಾನುಭಾವರು! ಅಂಥವರ ಟ್ರಂಕಿನ ಮುಚ್ಚಳದೊಳಗೆ ಟೈಮ್‌ಟೇಬಲ್ ಅಂಟಿಸಿ, ಸಂಜೆ ಪ್ರಾರ್ಥನೆಗೆ ಮೊದಲೇ ನಾಳೆಯ ಪುಸ್ತಕ ಜೋಡಿಸಿಡುವಂತೆ ಮಾಡುತ್ತಿದ್ದರು.

ಏನಾದರೂ ಕಳೆದರೆ ಹುಡುಕಾಡುವಂತಿರಲಿಲ್ಲ. ಅದು ಅವರ ಕಾನೂನು. ಕುಣಿಗಲ್ ಕಡೆಯ ಕಾಂತೇಶ್ ಒಮ್ಮೆ ಗಣಿತದ ನೋಟ್ಸ್ ಕಳೆದುಕೊಂಡು ಟ್ರಂಕು ಕೆದಕುತ್ತಾ ಅಳುತ್ತಿದ್ದಾಗ ಅವನನ್ನು ಎದುರಿಗೆ ಕೂರಿಸಿಕೊಂಡರು.

“ಕೈ ಎರಡೂ ಮಂಡಿ ಮೇಲಿಡು. ಎದ್ದಾಗ್ನಿಂದ ನಿನ್ ಕೈ ಏನೇನ್ ಮಾಡ್ತು, ಒಂದೊಂದೇ ಹೇಳು.”

ಅವನು ಹಲ್ಲುಜ್ಜಿದ್ದರಿಂದ ಶುರುಮಾಡಿದ. ಅವರು ಅಕ್ಕಿಯ ಕಲ್ಲು ಆರಿಸುತ್ತಾ ಅರ್ಧ ಗಂಟೆ ಕೇಳಿದರು. ನೀರು ಕುಡಿಯುವಾಗ ನೋಟ್ಸನ್ನು ತೊಟ್ಟಿಯ ಮೇಲಿಟ್ಟದ್ದು ಕೊನೆಗೆ ಅವನ ಬಾಯಿಂದಲೇ ಬಂತು.

ತಾಯಿ ಮಗಳು ಇರುತ್ತಿದ್ದ, ಹಾಸ್ಟೆಲ್ ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಸ್ವಂತ ಮಗಳು ಕಂಪಾಸ್ ಕಳೆದಾಗ ಅಮ್ಮನಿಗೆ ಅಷ್ಟು ಹೊತ್ತು ಉಳಿದಿರುತ್ತಿರಲಿಲ್ಲ. ತಾವೇ ಹುಡುಕಿ ಅವಳ ಕೈಗೆ ತುರುಕಿ ಕೆಲಸಕ್ಕೆ ಓಡುತ್ತಿದ್ದರು. ರೂಪಶ್ರೀಗೆ ಕಂಪಾಸ್ ಸಿಗುತ್ತಿತ್ತು, ಅರ್ಧ ಗಂಟೆಯ ಅಮ್ಮ ಸಿಗುತ್ತಿರಲಿಲ್ಲ. ಬಾಗಿಲ ಹಿಂದೆ ನಿಂತು ಕಾಂತೇಶನನ್ನು ನೋಡಿ ಅವಳಿಗೆ ಹೊಟ್ಟೆ ಉರಿದಿತ್ತು.

* * *

ಈಗ ಕುಣಿಗಲ್ಲಿನಲ್ಲಿ ಸರ್ವೇಯರ್ ಆಗಿದ್ದ ಅದೇ ಕಾಂತೇಶ್ ಹಾರ ಹಿಡಿದು ಬಂದಾಗ ಅವಳು ಬ್ಯಾಗಿನ ಅಸ್ತರು ಹರಿಯುತ್ತಿದ್ದಳು. ಅವನು ವಿಷಯ ಕೇಳಿ ತಿಳಿದು, ಚೆಲ್ಲಿದ್ದನ್ನೆಲ್ಲ ಬ್ಯಾಗಿಗೆ ತುಂಬಿ ಪಕ್ಕಕ್ಕಿಟ್ಟ.

“ರೂಪಾ, ಹುಡುಕ್ಬೇಡ. ಕೂತ್ಕೋ.”

“ನಾನೇನ್ ನಿಮ್ ಹಾಸ್ಟೆಲ್ ಹುಡ್ಗೀನಾ?”

“ಅಲ್ಲ. ಆದ್ರೂ ಕೂತ್ಕೋ. ಬಿಚ್ಚುವಾಗ ಕೈ ಏನ್ ಮಾಡ್ತು ಹೇಳು.”

ಸಿಟ್ಟು ಬಂದರೂ ಅವಳು ಕುಳಿತಳು. ಕರಡಿಗೆ ಕಟ್ಟಿದ್ದ ಶಿವದಾರದ ಗಂಟು ಬಿಗಿದಿತ್ತು, ಉಗುರಿನಿಂದ ಬಿಡಿಸಿದೆ ಎಂದಳು. ಅಮ್ಮನಿಗೆ ಕತ್ತು ಎತ್ತಲಾಗದೆ ತಾನೇ ಕೈಕೊಟ್ಟು ಎತ್ತಿದೆ ಎಂದಳು.

“ಕತ್ತು ಅಷ್ಟ್ ಸಣ್ಣಗಾಗಿತ್ತು ಕಣೋ. ಒಂದೇ ಕೈಲಿ ಹಿಡಿಸ್ತಿತ್ತು.”

ನಿನ್ನೆಯಿಂದ ಬಾರದ ಅಳು ಆಗ ಬಂತು. ಕಾಂತೇಶ್ ಅವಸರ ಮಾಡಲಿಲ್ಲ. ದೊಡ್ಡಪ್ಪನೂ ಗಡಿಯಾರ ನೋಡುವುದನ್ನು ಬಿಟ್ಟು ಮೆಟ್ಟಿಲ ಮೇಲೆ ಕುಳಿತರು.

ಆಮೇಲೆ ಅವಳು ನಿಧಾನವಾಗಿ ಮುಂದುವರಿಸಿದಳು. ಕರಡಿಗೆ ಹಿಡಿದು ಬ್ಯಾಗಿನ ಜಿಪ್ಪು ತೆಗೆದಿದ್ದಳು. ಚರ್ಮದ ಬ್ಯಾಗಿನಲ್ಲಿ ಲಿಂಗ ಇಟ್ಟರೆ ಅಮ್ಮ ಸಹಿಸುವುದಿಲ್ಲ ಎಂದು ನೆನಪಾಗಿ ಜಿಪ್ಪು ಎಳೆದಿದ್ದಳು. ಕಿಟಕಿಯ ಹತ್ತಿರ ಊಟದ ಕ್ಯಾರಿಯರ್ ತೊಳೆದಿಟ್ಟಿತ್ತು. ಮೇಲಿನ ಡಬ್ಬಿಯನ್ನು ಸೆರಗಿನಿಂದ ಒರೆಸಿ...

“ಅದ್ರಲ್ಲಿಟ್ಟೆ,” ಎಂದಳು.

ಹಾಸ್ಟೆಲಿನ ಅಡುಗೆಯ ಗಂಗಲಕ್ಷ್ಮಮ್ಮ ಒಳಗಿನಿಂದ ಎದ್ದು ಬಂದರು. ಆಸ್ಪತ್ರೆಗೆ ಊಟ ತರುತ್ತಿದ್ದ ಆ ಕ್ಯಾರಿಯರ್ ಅವರದೇ. ಸ್ಕ್ಯಾನಿಂಗ್ ಆದಮೇಲೆ ಗೆಳತಿ ಸರ್ವಮಂಗಳಮ್ಮ ತುತ್ತು ಮುಟ್ಟದ ಕಾರಣ ಅದನ್ನು ಬಿಚ್ಚಿರಲೇ ಇಲ್ಲ. ಹೆಣದ ಜೊತೆ ಬಂದ ಸಾಮಾನು ಒಳಗೆ ಬೇಡವೆಂದು ಕೊಟ್ಟಿಗೆಯಲ್ಲಿ ತೂಗುಹಾಕಿದ್ದರು. ಹೋಗಿ ತಂದರು. ಮುಚ್ಚಳವನ್ನು ರೂಪಶ್ರೀಯೇ ತೆಗೆದಳು. ಇತ್ತು.

ಅಯ್ಯನವರು ಮಂತ್ರ ಹೇಳಿ ಲಿಂಗವನ್ನು ಸರ್ವಮಂಗಳಮ್ಮನ ಎಡ ಅಂಗೈಗಿಟ್ಟರು. ಸೆಟೆದ ಬೆರಳು ಮಡಚಿಕೊಳ್ಳಲಿಲ್ಲ. ಬಟ್ಟೆ ಕಟ್ಟಿದರಾಯಿತು ಎಂದು ಯಾರೋ ಅಂದರು. ರೂಪಶ್ರೀ ಪಕ್ಕದಲ್ಲಿ ಕುಳಿತು ಅಮ್ಮನ ಬೆರಳುಗಳನ್ನು ಉಜ್ಜಿ ಉಜ್ಜಿ ಒಂದೊಂದಾಗಿ ಮಡಚಿದಳು. ಯಾರೂ ಬೇಗ ಎನ್ನಲಿಲ್ಲ. ನಾಲ್ಕು ಬೆರಳು ನಿಂತವು, ಕಿರುಬೆರಳು ಮಾತ್ರ ಮತ್ತೆ ಮತ್ತೆ ಬಿಚ್ಚಿಕೊಂಡಿತು. ಹೊರುವವರು ಹೂ ಕಟ್ಟಿದ ಬಿದಿರಿನ ವಿಮಾನದಲ್ಲಿ ಅಮ್ಮನನ್ನು ಕೂರಿಸಿ ಹೆಗಲಿಗೆತ್ತಿಕೊಂಡಾಗಲೂ ಅವಳು ಆ ಬೆರಳು ಬಿಡಲಿಲ್ಲ. ತೋಳು ಮೇಲೆ ಚಾಚಿ, ತುದಿಗಾಲಲ್ಲಿ, ಹೊಲದವರೆಗೂ ಜೊತೆಯಲ್ಲೇ ನಡೆದಳು.